ಹತ್ತು ಸೂಜಿಗೆ ದಾರ

ಟೈಲರಣ್ಣನ ಬಲಗೈ ಮುಷ್ಕರ ಹೂಡಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಏಳುವಾಗ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಜುಮ್ಮೆನ್ನುತ್ತಿದ್ದವು. ಹಿಡಿದ ಸೂಜಿ ಜಾರುತ್ತಿತ್ತು, ದಾರ ಪೋಣಿಸುವುದಂತೂ ದೂರದ ಮಾತು. ಮೂವತ್ತೈದು ವರ್ಷ ಬೀದಿಗೆಲ್ಲ ಬಟ್ಟೆ ಹೊಲಿದ ಕೈ ಅದು. ಆ ಕೈಯೇ ಹೋದರೆ ಗತಿಯೇನು ಅಂತ ಒಳಗೊಳಗೇ ಭಯ. ಬಾಯಿ ಮಾತ್ರ ಬಿಡಲಿಲ್ಲ.

ಹೇಳದಿದ್ದರೇನು, ಹೆಂಡತಿಗೆ ತಿಳಿಯದೇ ಇರುತ್ತದೆಯೇ? ಅವನು ಏಳುವ ಮೊದಲೇ ಹತ್ತು ಸೂಜಿಗೆ ದಾರ ಪೋಣಿಸಿ, ಮೆಷಿನ್ ಪಕ್ಕದ ಪುಟ್ಟ ದಿಂಬಿಗೆ ಚುಚ್ಚಿಡುತ್ತಿದ್ದಳು. ಇವನೂ ಏನೂ ಗೊತ್ತಿಲ್ಲದವನ ಹಾಗೆ ಒಂದೊಂದೇ ಎತ್ತಿಕೊಂಡು ಗುಂಡಿ ಹಚ್ಚುತ್ತಿದ್ದ. ಇಬ್ಬರೂ ಆ ಮಾತೆತ್ತಲಿಲ್ಲ.

ಒಂದು ದಿನ ಕತ್ತರಿಯೇ ಕೈಜಾರಿ ಕಾಲ ಬಳಿ ಬಿತ್ತು. ಇನ್ನು ಮುಚ್ಚಿಡುವಂತಿರಲಿಲ್ಲ. ಬೀದಿ ತುದಿಯ ಆರೋಗ್ಯ ಕೇಂದ್ರಕ್ಕೆ ಹೋಗೋಣ ಅಂದಳು ಹೆಂಡತಿ.

"ಅಲ್ಲೇನಿದೆ? ಏನೇ ಹೇಳಿದ್ರೂ ಅದೇ ಬಿಳಿ ಮಾತ್ರೆ ಕೊಡ್ತಾರೆ" ಅಂತ ಮೂಗು ಮುರಿದು, ಬಸ್ಸು ಹತ್ತಿ ನೇರ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೇ ಹೋದ ನಮ್ಮ ಟೈಲರಣ್ಣ. ತಲೆ ಒಡೆದುಕೊಂಡವರು, ಎದೆ ಹಿಡಿದುಕೊಂಡವರು ಒಬ್ಬರ ಹಿಂದೊಬ್ಬರು ಬಂದರು. ಪ್ರತಿಸಲವೂ ಇವನ ಸರದಿ ಹಿಂದಕ್ಕೆ ಹೋಯಿತು. ಅವರ ಸ್ಥಿತಿ ನೋಡಿ ಬೈಯಲೂ ಮನಸ್ಸು ಬರಲಿಲ್ಲ. ಹೊಟ್ಟೆ ತಾಳ ಹಾಕತೊಡಗಿದಾಗ, ಯಾರಿಗೂ ಕೈ ತೋರಿಸದೆ ಎದ್ದು ಬಂದ.

ಮಾರನೇ ದಿನ ಆರೋಗ್ಯ ಕೇಂದ್ರದ ನರ್ಸಮ್ಮ ತಮ್ಮ ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ಅವರ ತೋಳಿಗೆ ಟೇಪು ಹಿಡಿಯುತ್ತಲೇ ಟೈಲರಣ್ಣ ಹಿಂದಿನ ದಿನದ ಪುರಾಣ ಬಿಚ್ಚಿದ.

"ನನ್ನ ತೋಳಿಗೆ ಎರಡೆರಡು ಸಲ ಅಳತೆ ತಗೋತೀರಲ್ಲ ಟೈಲರಣ್ಣ, ನಿಮ್ಮ ಕೈಯನ್ನ ಒಂದು ಸಲ ಯಾರಿಗಾದ್ರೂ ತೋರಿಸೋದು ಬೇಡವಾ?" ಅಂದರು ನರ್ಸಮ್ಮ. "ಮೊದಲು ನಮ್ಮಲ್ಲಿಗೆ ಬನ್ನಿ. ನಮ್ಮ ಕೈಲಾಗದಿದ್ರೆ, ಎಲ್ಲಿಗೆ ಹೋಗಿ ಯಾವ ಡಾಕ್ಟರನ್ನ ನೋಡಬೇಕು ಅಂತ ನಾವೇ ಚೀಟಿ ಬರ್ದು ಕೊಡ್ತೀವಿ."

ಟೈಲರಣ್ಣನ ಟೇಪು ಅಲ್ಲೇ ನಿಂತಿತು. "ಇದು ಲಕ್ವ ಆಗಿದ್ರೆ ನರ್ಸಮ್ಮ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೂ ಅದು ಕೇಳಿಸಿತು. ಎರಡು ತಿಂಗಳು ಈ ಭಯವನ್ನು ಒಬ್ಬನೇ ಹೊತ್ತಿದ್ದನಲ್ಲ ಎಂದು ಅವಳ ಕಣ್ಣು ತುಂಬಿತು.

"ಲಕ್ವ ಇದ್ದಕ್ಕಿದ್ದ ಹಾಗೆ ಬರುತ್ತೆ ಅಣ್ಣ. ಬಾಯಿ ಸೊಟ್ಟಗಾದ್ರೆ, ಒಂದು ಕಡೆ ಕೈಕಾಲು ಸ್ವಾಧೀನ ತಪ್ಪಿದ್ರೆ, ಮಾತು ತೊದಲಿದ್ರೆ ನಮಗೆ ಕಾಯಬೇಡಿ, ಸೀದಾ ದೊಡ್ಡಾಸ್ಪತ್ರೆಗೆ ಓಡಿ. ನಿಮ್ದು ನಿಧಾನಕ್ಕೆ ಬಂದಿದೆ. ನಾಳೆ ಬೆಳಿಗ್ಗೆ ಬನ್ನಿ, ಡಾಕ್ಟರು ನೋಡ್ಲಿ."

ಮರುದಿನ ಡಾಕ್ಟರು ಮಣಿಕಟ್ಟು ಬಗ್ಗಿಸಿ ನೋಡಿದರು, ರಕ್ತದ ಸಕ್ಕರೆ ಅಂಶ ಪರೀಕ್ಷಿಸಿದರು, ದಿನಕ್ಕೆಷ್ಟು ಹೊತ್ತು ಕತ್ತರಿ ಹಿಡಿಯುತ್ತಾನೆಂದು ಕೇಳಿದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಅಂದರು. ಮಲಗುವಾಗ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟರು. ಒತ್ತಿ ಕತ್ತರಿಸಬೇಕಾಗದ ಹಾಗೆ ಕತ್ತರಿಗೆ ಸಾಣೆ ಹಿಡಿಸಿಕೊಳ್ಳಿ, ನಡುನಡುವೆ ಕೈಗೆ ಬಿಡುವು ಕೊಡಿ, ತಿಂಗಳಲ್ಲಿ ತಗ್ಗದಿದ್ದರೆ ದೊಡ್ಡಾಸ್ಪತ್ರೆಗೆ ಚೀಟಿ ಬರೆಯುತ್ತೇನೆ ಅಂದರು. ಬಿಳಿ ಮಾತ್ರೆ ಒಂದೂ ಕೊಡಲಿಲ್ಲ. ಟೈಲರಣ್ಣನಿಗೆ ಒಳಗೆ ಸ್ವಲ್ಪ ಬೇಜಾರೇ ಆಯಿತು.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಹೆಂಡತಿ ಎದ್ದು ಬಂದು ನೋಡಿದರೆ ದಿಂಬಿನ ಮೇಲೆ ಆರು ಸೂಜಿ ದಾರ ಸಮೇತ ನಿಂತಿವೆ. ಟೈಲರಣ್ಣ ನಾಲಿಗೆ ಕಚ್ಚಿಕೊಂಡು ಏಳನೆಯದಕ್ಕೆ ಪೋಣಿಸುತ್ತಿದ್ದಾನೆ.

"ಹಾಗಾದ್ರೆ ಸೂಜಿ ವಿಷಯ ಇಷ್ಟು ದಿನ ನಿಮಗೆ ಗೊತ್ತಿತ್ತು" ಅಂದಳು.

"ಕೈ ವಿಷಯ ನಿನಗೂ ಗೊತ್ತಿತ್ತಲ್ಲ" ಅಂದ ಅವನು. ಇಬ್ಬರಿಗೂ ನಗು ಬಂತು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಯಾರೋ ನೋವು ನುಂಗಿಕೊಂಡು ಕೂತಿರಬಹುದು. ಎದೆನೋವು, ಉಸಿರಾಟದ ತೊಂದರೆ, ನಿಲ್ಲದ ರಕ್ತಸ್ರಾವ, ಲಕ್ವದ ಲಕ್ಷಣ ಇದ್ದರೆ ಒಂದು ಗಳಿಗೆಯೂ ತಡಮಾಡದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಅಷ್ಟು ಅವಸರದ್ದಲ್ಲವಾದರೆ ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಸದ್ದಿಲ್ಲದೆ ಅವರ ಸೂಜಿಗೆ ದಾರ ಪೋಣಿಸುತ್ತಿರುವವರು ನೀವೇ ಆಗಿದ್ದರೆ, ನಾಳೆಯೇ ಕೈಹಿಡಿದು ಕರೆದುಕೊಂಡು ಹೋಗಿ.