ಬ್ರಿಟನ್ನಿನ ಪರವಾಗಿ ನಿಂಗವ್ವ

ನನ್ನ ಅತ್ತೆ ನಿಂಗವ್ವ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಸಿನಿಮಾ ನಟಿಯಾದರು. ಕೆಲವೇ ತಿಂಗಳಲ್ಲಿ ಬ್ರಿಟನ್ನಿನ ಪ್ರತಿನಿಧಿಯೂ ಆದರು. ಮೊದಲನೆಯದಕ್ಕೆ ನನ್ನ ಮಗಳು ಕಾರಣ, ಎರಡನೆಯದಕ್ಕೆ ಟೆಕ್ಸಸ್ಸಿನ ಮೂರು ಊರಿನ ಕನ್ನಡಿಗರು ಕಾರಣ. ನಾನು ಯಾರ ಮೇಲೂ ದೂರು ಹೇಳುತ್ತಿಲ್ಲ. ಸ್ವಲ್ಪ ಹೇಳುತ್ತಿದ್ದೇನೆ, ಅಷ್ಟೆ.

ಸಿನಿಮಾದ ಕತೆ ಅತ್ತೆಯ ಅವ್ವ ಬಾಳವ್ವನದು. 1946ರಲ್ಲಿ ಆಕೆ ಧಾರವಾಡದ ಒಬ್ಬ ಇಂಗ್ಲಿಷ್ ಅಧಿಕಾರಿಯ ಬಂಗಲೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು. ಒಂದು ದಿನ ಬೆಳ್ಳಿ ಚಮಚವೊಂದು ಕಾಣೆಯಾಯಿತು. ದೊರೆಸಾನಿ ಎಲ್ಲರೆದುರು ಬಾಳವ್ವನ ಸೆರಗು ಝಾಡಿಸಿ ನೋಡಿದಳು. ಏನೂ ಸಿಗದಿದ್ದರೂ ಕಳ್ಳಿ ಎಂದು ಮನೆಗೆ ಅಟ್ಟಿದಳು. ಎರಡು ದಿನ ಬಿಟ್ಟು ಚಮಚ ಸಕ್ಕರೆ ಡಬ್ಬಿಯಲ್ಲೇ ಸಿಕ್ಕಿತು. ಕೆಲಸಕ್ಕೆ ಬರಲಿ ಎಂದು ಜವಾನನ ಕೈಲಿ ಹೇಳಿ ಕಳಿಸಿದರು. ತಪ್ಪಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ. ಆಗ ಎಂಟು ವರ್ಷದವರಾಗಿದ್ದ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು.

"ನಮ್ಮವ್ವ ಕಳ್ಳಿ ಅಲ್ಲ ಅಂತ ನಾಕ್ ಮಂದಿ ಮುಂದ ಒಂದ್ಸಲ ಆಗ್ಬೇಕವಾ. ಅಷ್ಟ ಆದ್ರ ಸಾಕು ನನಗ," ಎನ್ನುತ್ತಿದ್ದರು ಅತ್ತೆ. ಎಪ್ಪತ್ತು ವರ್ಷ ಇದೊಂದು ಮಾತನ್ನು ಹೊತ್ತುಕೊಂಡು ಧಾರವಾಡದಿಂದ ಹ್ಯೂಸ್ಟನ್ನಿನವರೆಗೆ ಬಂದಿದ್ದರು.

ಹದಿನೇಳರ ನನ್ನ ಮಗಳು ಶೀತಲ್‌ಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. 2016ರ ಬೇಸಿಗೆ ರಜೆಯಲ್ಲಿ ಅವಳು ಅಜ್ಜಿಯನ್ನು ಕೂರಿಸಿಕೊಂಡು ಇಡೀ ಕತೆ ಕೇಳಿ ಹತ್ತೊಂಬತ್ತು ನಿಮಿಷದ ಸಿನಿಮಾ ಮಾಡಿದಳು. ಬಂಗಲೆಗೆ ನಮ್ಮ ಮನೆಯ ದೊಡ್ಡ ಡೈನಿಂಗ್ ರೂಮ್. ಈ ಊರಿನಲ್ಲಿ ಪ್ರತಿ ಮನೆಯಲ್ಲೂ ಅಂಥದೊಂದು ಕೋಣೆ ಇರುತ್ತದೆ, ಅಲ್ಲಿ ಯಾರೂ ಉಣ್ಣುವುದಿಲ್ಲ. ದೊರೆಸಾನಿಯ ಪಾತ್ರಕ್ಕೆ ಅವಳ ಶಾಲೆಯ ಗೆಳತಿ ಬಂದಳು. ಅವಳ ಇಂಗ್ಲಿಷ್ ಪಕ್ಕಾ ಟೆಕ್ಸಸ್ಸಿನದು. ಬಾಳವ್ವನ ಪಾತ್ರವನ್ನು ಅತ್ತೆಯೇ ಮಾಡಿದರು. ಮೂವತ್ತು ವರ್ಷದ ಅವ್ವನಾಗಿ ಎಪ್ಪತ್ತೆಂಟರ ಮಗಳು ನಿಂತದ್ದನ್ನು ನೋಡಿ ನಾನು ನಗಬೇಕೆಂದು ಹೊರಟವಳು ನಗಲಿಲ್ಲ.

ನವೆಂಬರಿನಲ್ಲಿ ಆಸ್ಟಿನ್ನಿನಲ್ಲಿ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನವರ ಕನ್ನಡ ಚಿತ್ರದಿನವಿತ್ತು. ಸಿನಿಮಾ ಅಲ್ಲಿಗೆ ಕಳಿಸಿದೆವು. ಹಿಂದಿನ ವರ್ಷ ಡಾಲಸ್‌ನವರ ಚಿತ್ರದ ನಾಯಕ ತೆಲುಗಿನವನೆಂದು ಹ್ಯೂಸ್ಟನ್ನಿನವರು, ಹ್ಯೂಸ್ಟನ್ನಿನವರ ಚಿತ್ರದ ಹಾಡು ಹಿಂದಿಯದೆಂದು ಡಾಲಸ್‌ನವರು ಜಗಳ ತೆಗೆದು, ಬಿಸಿಬೇಳೆಬಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿದ್ದರು. ಅದಕ್ಕೇ ಈ ಸಲ ಆಸ್ಟಿನ್ನಿನ ಚಂದ್ರಮೋಹನ ನಿಯಮ ತಂದಿದ್ದ. ಅವನ ಕೆಲಸ ಕಂಪ್ಯೂಟರ್ ಚಿಪ್ ಪರೀಕ್ಷಿಸುವುದು. ಮೊದಲು ಹತ್ತು ವರ್ಷ ಇಂಗ್ಲೆಂಡಿನಲ್ಲಿದ್ದ. ಅಲ್ಲಿ ಒಂದು ಸಿನಿಮಾ ಬ್ರಿಟಿಷ್ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಮೂವತ್ತೈದು ಅಂಕದ ಪಟ್ಟಿ ಇದೆ, ಹದಿನೆಂಟು ಬಂದರೆ ಪಾಸು. ಇವನು ಆ ಪಟ್ಟಿಯನ್ನೇ ತಂದು, ಬ್ರಿಟನ್ ಇದ್ದಲ್ಲೆಲ್ಲ ಕರ್ನಾಟಕ ಬರೆದು, ಇನ್ನು ಜಗಳವಿಲ್ಲ ಎಂದು ಕೈತೊಳೆದುಕೊಂಡಿದ್ದ.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ನಮ್ಮೂರಿನ ಹಿಲ್‌ಕ್ರಾಫ್ಟ್ ಬೀದಿಯ ಒಂದು ಹೋಟೆಲಿಗೆ ನನ್ನನ್ನು ಕರೆಸಿದರು. ಚಿತ್ರದಿನದ ಅಧ್ಯಕ್ಷೆ ವಿಜಯಾ ಡಾಲಸ್ ಬದಿಯ ಫ್ರಿಸ್ಕೋದಿಂದ ಐದು ತಾಸು ಡ್ರೈವ್ ಮಾಡಿಕೊಂಡು ಬಂದಿದ್ದರು. ಮೈಸೂರಿನವರು, ಮಕ್ಕಳ ಡಾಕ್ಟರು. ಸೂಜಿ ಚುಚ್ಚುವ ಮೊದಲು ಮುದ್ದು ಮಾಡುವುದು ಅವರಿಗೆ ಅಭ್ಯಾಸ.

"ಸೌಂದರ್ಯಾ, ಸಿನಿಮಾ ತುಂಬಾ ಚೆನ್ನಾಗಿದೆ," ಎಂದರು.

ನಾನು ದೋಸೆಯನ್ನು ಪಕ್ಕಕ್ಕೆ ಸರಿಸಿದೆ.

"ಆದ್ರೆ ಕರ್ನಾಟಕದ ಪಟ್ಟೀಲಿ ಒಟ್ಟು ನಾಲ್ಕೇ ಅಂಕ ಬಂದಿದೆ," ಎಂದ ಚಂದ್ರಮೋಹನ, ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ. "ಹತ್ತೊಂಬತ್ತು ನಿಮಿಷದಲ್ಲಿ ಕನ್ನಡ ಮಾತು ಎಪ್ಪತ್ತು ಸೆಕೆಂಡ್. ಮಿಕ್ಕ ಮಾತೆಲ್ಲ ಆ ಲೇಡಿ ಇಂಗ್ಲಿಷಲ್ಲೇ ಆಡ್ತಾರೆ."

"ಅಡಗಿ ಮಾಡಾಕಿ ದೊರೆಸಾನಿ ಮುಂದ ಭಾಷಣ ಮಾಡ್ತಾಳೇನ್ರಿ?" ಎಂದೆ. "ಬಾಳವ್ವ ಸುಮ್ನ ನಿಂತಾಳಲ್ಲ, ಅಕಿ ಕನ್ನಡದಾಗ ಸುಮ್ನ ನಿಂತಾಳ್ರಿ."

ಅವನು ಇದನ್ನು ನಿಜವಾಗಿಯೂ ಯೋಚಿಸಿದ. "ಮೌನಕ್ಕೆ ಕಾಲಂ ಇಲ್ಲ ಮೇಡಂ. ಮುಂದಿನ ವರ್ಷಕ್ಕೆ ಸೇರಿಸಬಹುದು."

"ಮತ್ತ ಧಾರವಾಡ? ಅದೂ ಕರ್ನಾಟಕ ಅಲ್ಲೇನು?"

"ಧಾರವಾಡ ಬ್ರಿಟನ್ನಿಗೆ ಹೋಯ್ತು."

ಆಮೇಲೆ ತಿಳಿದದ್ದು ಇಷ್ಟು. ತನ್ನ ಪಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅವನು ಪ್ರತಿ ಸಿನಿಮಾವನ್ನೂ ಮೂಲ ಬ್ರಿಟಿಷ್ ಪಟ್ಟಿಯಲ್ಲೂ ಹಾಕಿ ತಾಳೆ ನೋಡುತ್ತಿದ್ದ. ಚಿಪ್ಪಿನವರ ಚಾಳಿ. ಉಳಿದ ಎಲ್ಲ ಸಿನಿಮಾಕ್ಕೂ ಅಲ್ಲಿ ಸೊನ್ನೆ ಬಂದಿತ್ತು. ನಮ್ಮದಕ್ಕೆ ಹತ್ತೊಂಬತ್ತು. ಕತೆ ನಡೆಯುವುದು ಬ್ರಿಟಿಷರ ಆಳ್ವಿಕೆಯ ಊರಿನಲ್ಲಿ, ಅದಕ್ಕೆ ನಾಲ್ಕು. ವಿಷಯ ಬ್ರಿಟಿಷರ ಮನೆಯದು, ನಾಲ್ಕು. ಮುಖ್ಯ ಪಾತ್ರಗಳು ಬ್ರಿಟಿಷರವು, ನಾಲ್ಕು.

"ಬಾಳವ್ವ ಬ್ರಿಟಿಷರಾಕಿನಾ?" ಎಂದೆ.

"ನಲವತ್ತಾರರಲ್ಲಿ ಎಲ್ಲರೂ ಬ್ರಿಟಿಷ್ ಪ್ರಜೆಗಳೇ ಅಲ್ವಾ ಮೇಡಂ."

ಇಂಗ್ಲಿಷಿಗೆ ಆರು. ಕೊನೆಯ ಒಂದು ಅಂಕ ನಿರ್ದೇಶಕಿಯ ಲೆಕ್ಕದಲ್ಲಿ ಬಂತು. ನನ್ನ ಗಂಡ ವಿನಾಯಕನನ್ನು ಅವನ ಎಣ್ಣೆ ಕಂಪನಿ ಮೂರು ವರ್ಷ ಸ್ಕಾಟ್ಲೆಂಡಿನ ಅಬರ್ಡೀನಿಗೆ ಹಾಕಿತ್ತು, ಶೀತಲ್ ಹುಟ್ಟಿದ್ದು ಅಲ್ಲೇ. ಹ್ಯೂಸ್ಟನ್ನಿನಲ್ಲಿ ಎಣ್ಣೆ ಕಂಪನಿಗಳಿರುವ ಎನರ್ಜಿ ಕಾರಿಡಾರಿನ ಸುತ್ತಮುತ್ತ ಇಂಥ ಮಕ್ಕಳು ಬೀದಿಗೆ ನಾಲ್ಕು ಸಿಗುತ್ತಾರೆ. ಧಾರವಾಡವನ್ನು ಎರಡು ಪಟ್ಟಿಯಲ್ಲೂ ಲೆಕ್ಕ ಹಿಡಿದರೆ ಡಬಲ್ ಕೌಂಟ್ ಆಗುತ್ತದೆಂದು ಅವನು ಅದನ್ನು ಜಾಸ್ತಿ ಅಂಕ ಬಂದ ಕಡೆಗೆ ಕೊಟ್ಟುಬಿಟ್ಟಿದ್ದ. ನಮಗೆ ಉಳಿದ ನಾಲ್ಕು ಅಂಕ ಸೀರೆ, ದೀಪ, ಅಡುಗೆ ಮತ್ತು ಶೂಟಿಂಗಿನಲ್ಲಿ ಲೈಟು ಹಿಡಿದು ನಿಂತ ನನ್ನ ಗಂಡನ ಬೆವರಿಗೆ ಬಂದವು.

ನನ್ನ ಪಿತ್ತ ನೆತ್ತಿಗೇರಿತು. ಎಪ್ಪತ್ತು ವರ್ಷದ ಹಿಂದೆ ಬ್ರಿಟಿಷರು ಬಾಳವ್ವನಿಗೆ ತಪ್ಪಾಯಿತೆಂಬ ಒಂದು ಮಾತು ಕೊಡಲಿಲ್ಲ, ಈಗ ಬಾಳವ್ವನನ್ನೇ ತಮ್ಮವಳೆಂದು ಒಯ್ದರು. "ಅಂದ್ರ ಸಿನಿಮಾ ತೋರ್ಸಂಗಿಲ್ಲ, ಹೌದಿಲ್ರಿ?" ಎಂದೆ.

"ಅಯ್ಯೋ, ತೋರಿಸ್ತೀವಿ ಕಣ್ರೀ," ಎಂದರು ವಿಜಯಾ. ಅವರ ಮುಖ ಅರಳಿತ್ತು. ಈ ಸಲ ಬ್ಯಾನರಿನ ಮೇಲೆ ಅಂತರರಾಷ್ಟ್ರೀಯ ಎಂದು ಅಚ್ಚು ಹಾಕಿಸಿಬಿಟ್ಟಿದ್ದರು, ಹೊರದೇಶದ ಒಂದೇ ಒಂದು ಸಿನಿಮಾ ಬಂದಿರಲಿಲ್ಲ. "ವಿದೇಶಿ ವಿಭಾಗದಲ್ಲಿ ನಿಮ್ದೊಂದೇ. ಆ ದೇಶದ ಬಾವುಟ ಇಟ್ಟು ವೇದಿಕೆ ಮೇಲೆ ಒಂದು ಕುರ್ಚಿ ಕೊಡ್ತೀವಿ. ಪ್ರತಿನಿಧಿಗೆ ಐದು ನಿಮಿಷ ಭಾಷಣ. ಒಬ್ರು ಬ್ರಿಟಿಷರು ಬೇಕು, ಅಷ್ಟೇ."

"ನಿಮ್ಮ ಅತ್ತೆ ಯಾವಾಗ ಹುಟ್ಟಿದ್ದು?" ಎಂದು ಕೇಳಿದ ಚಂದ್ರಮೋಹನ.

"ಮೂವತ್ತೆಂಟರಾಗ."

ಅವನು ಟೈಪ್ ಮಾಡಿಕೊಂಡ. "ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. ಶೀತಲ್‌ಗಿಂತ ಕ್ಲೀನ್ ಕೇಸು."

ಮನೆಗೆ ಬಂದು ಅತ್ತೆಯ ಮುಂದೆ ಕೂತು ಎಲ್ಲ ಹೇಳಿದೆ. ಅವರಿಗೆ ನೋವಾಗುತ್ತದೆಂದು ನಾನು ಹೆದರಿದ್ದೆ. ಬೇಡವೆಂದರೆ ಸಿನಿಮಾ ವಾಪಸು ತೆಗೆದುಕೊಳ್ಳೋಣ ಎಂದೂ ಹೇಳಿದೆ. ಅವರು ಚವಳಿಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಆ ಕುರ್ಚಿ ಮ್ಯಾಲ ಕುಂತಾಕಿ ಏನರೆ ಅಂದ್ರ, ಆ ದೇಶನ ಅಂದಂಗೇನು?" ಎಂದು ಕೇಳಿದರು.

ಇದನ್ನೇ ಕೇಳಲು ಚಂದ್ರಮೋಹನನಿಗೆ ಫೋನ್ ಮಾಡಿದೆ. ಅವನು ನಿಯಮದ ಪುಟ ತೆರೆದು ನೋಡಿ, "ಹಾಲ್ ಒಳಗಡೆ ಹೌದು ಮೇಡಂ. ಪಾರ್ಕಿಂಗ್ ಲಾಟಲ್ಲಿ ಇಲ್ಲ," ಎಂದ.

"ಹಂಗಾರ ಒಪ್ಪೀನಿ ಅಂತ ಹೇಳು," ಎಂದರು ಅತ್ತೆ. ಮುದುಕಿಗೆ ವೇದಿಕೆಯ ಆಸೆ ಹತ್ತಿತು ಎಂದುಕೊಂಡೆ. ಈಗ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಡುತ್ತೇನೆಂದು ಆ ಜೂನಿನಲ್ಲಿ ಹೇಳಿತ್ತು. ನವೆಂಬರಿನಲ್ಲಿ ಅದು ಇಳಕಲ್ ಸೀರೆ ಉಟ್ಟು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಎರಡೂವರೆ ತಾಸು ಎಲೆಯಡಿಕೆ ಮೆಲ್ಲುತ್ತ ಆಸ್ಟಿನ್ ಮುಟ್ಟಿತು. ಶಾಲೆಯೊಂದರ ಸಭಾಂಗಣ, ಮುನ್ನೂರು ಜನ. ವೇದಿಕೆಯ ಮೇಲೆ ಡಾಲಸ್ಸಿಗೊಂದು, ಹ್ಯೂಸ್ಟನ್ನಿಗೊಂದು, ಆಸ್ಟಿನ್ನಿಗೊಂದು ಕುರ್ಚಿ. ನಾಲ್ಕನೆಯದರ ಮುಂದೆ ಅಂಗೈಯಗಲದ ಬ್ರಿಟಿಷ್ ಬಾವುಟ. ದೀಪ ಹಚ್ಚಲು ಪರದೇಶದ ಅತಿಥಿಯನ್ನೇ ಮೊದಲು ಕರೆದರು. ಅತ್ತೆ ಚಪ್ಪಲಿ ಬಿಟ್ಟು ಹೋಗಿ ಹಚ್ಚಿದರು.

ಆಮೇಲೆ ನಮ್ಮ ಸಿನಿಮಾ ಹಾಕಿದರು. ಮೊದಮೊದಲು ದೊರೆಸಾನಿಯ ಟೆಕ್ಸಸ್ ಇಂಗ್ಲಿಷಿಗೆ ಜನ ನಕ್ಕರು. ಸೆರಗು ಝಾಡಿಸುವಾಗ ನಗು ನಿಂತುಹೋಯಿತು. ಶೀತಲ್ ನನ್ನ ಕೈ ಹಿಡಿದುಕೊಂಡಳು.

"ಈಗ ಬ್ರಿಟನ್ನಿನ ಪ್ರತಿನಿಧಿ ಶ್ರೀಮತಿ ನಿಂಗವ್ವನವರು ಎರಡು ಮಾತಾಡ್ತಾರೆ," ಎಂದು ವಿಜಯಾ ಮೈಕಿನಲ್ಲಿ ಹೇಳಿದರು. ಚಂದ್ರಮೋಹನ ಸಮಯ ನೋಡಲು ಫೋನ್ ಹಿಡಿದು ಮೆಟ್ಟಿಲ ಬಳಿ ನಿಂತ.

ಅತ್ತೆ ಎದ್ದರು. ಮೊದಲು ಚಂದ್ರಮೋಹನನನ್ನು ಕರೆದು, ಪಕ್ಕದಲ್ಲಿ ಮಡಚಿಟ್ಟಿದ್ದ ಇನ್ನೊಂದು ಕುರ್ಚಿ ತರಿಸಿ, ತಮ್ಮ ಎದುರಿಗೆ ಹಾಕಿಸಿದರು. ಯಾರಿಗೆಂದು ಯಾರಿಗೂ ತಿಳಿಯಲಿಲ್ಲ. ಬಂಗಲೆಯಲ್ಲಿ ಬಾಳವ್ವ ಒಮ್ಮೆಯೂ ಕುರ್ಚಿಯ ಮೇಲೆ ಕೂತಿರಲಿಲ್ಲ ಎಂಬುದು ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು. ಅತ್ತೆ ಪುಟ್ಟ ಬಾವುಟವನ್ನು ಕೈಗೆ ತೆಗೆದುಕೊಂಡು ಖಾಲಿ ಕುರ್ಚಿಯ ಕಡೆ ತಿರುಗಿದರು.

"ನಾ ಈಗ ಇಂಗ್ಲೆಂಡ್ ದೇಶ ಆಗಿ ಮಾತಾಡಾಕತ್ತೀನಿ," ಎಂದರು. "ಬಾಳವ್ವ, ಕುಂದರು. ಚಮಚ ಸಕ್ರಿ ಡಬ್ಬ್ಯಾಗ ಇತ್ತು. ನೀ ತಗೊಂಡಿದ್ದಿಲ್ಲ. ಸರಿಯಾಗಿ ಹುಡುಕಲಾರದ ನಿನ್ನ ಸೆರಗ ಝಾಡಿಸಿದ್ವಿ, ಕೂಸಿನ ಮುಂದ ಕಳ್ಳಿ ಅಂದ್ವಿ. ತಪ್ಪಾತು."

ವಿಜಯಾ ಮೈಕ್ ಕೆಳಗಿಳಿಸಿ ನಿಂತಿದ್ದರು. ನನಗೆ ಅಳು ಬಂತು, ತಡೆಯಲಿಲ್ಲ.

ಚಂದ್ರಮೋಹನ ಫೋನ್ ನೋಡಿಕೊಂಡ. ನಿಯಮದ ಮನುಷ್ಯ, ಬೇರೇನೂ ತೋಚಿರಲಿಕ್ಕಿಲ್ಲ. "ಅಮ್ಮಾ," ಎಂದ ಮೆಲ್ಲಗೆ, "ಅರ್ಧ ನಿಮಿಷ ಆಯ್ತಷ್ಟೇ. ಇನ್ನೂ ನಾಲ್ಕೂವರೆ ನಿಮಿಷ ಇದೆ."

"ಸಾಕು ಬಿಡಪ," ಎಂದರು ಅತ್ತೆ, ಬಾವುಟವನ್ನು ಅವನ ಕೈಗೆ ಕೊಟ್ಟು. "ಅವತ್ತ ಅವ್ರಿಗೂ ಇಷ್ಟ ಹೊತ್ತ ಸಾಕಾಗ್ತಿತ್ತು."