ಬಾರದ ಹಳದಿ

“ನೋಡಮ್ಮಾ, ಬಣ್ಣವೇ ಬಂದಿಲ್ಲ. ಗಾಜಿನ ಹಾಗೆ ತಿಳಿಯಾಗಿದೆ ನೀರು. ಇನ್ನೇನು ಬೇಕು?” ಎಂದು ಸಾಹೇಬರು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಬರದೇ ಇರೋದೇ ಸಾರ್ ತೊಂದರೆ!” ಎಂದಳು ಬಣ್ಣದಕ್ಕ. ಬೆಳಗಿನಿಂದ ಇದು ನಾಲ್ಕನೇ ಸಲ.

ನೀರು ಸರಬರಾಜು ಕಚೇರಿಯ ಹಿಂಬದಿಯ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ನೀರಿಗೆ ಬಣ್ಣ ಬರಿಸಿ ಪರೀಕ್ಷಿಸುವುದೇ ಕೆಲಸವಾದ್ದರಿಂದ ಅವಳಿಗೆ ಆ ಹೆಸರು. ಮೂರು ದಿನದ ಹಿಂದೆ ಕೆರೆಯ ಮೇಲ್ಗಡೆ ತೋಟಗಳಿಗೆಲ್ಲ ಕೀಟನಾಶಕ ಹೊಡೆದಿದ್ದರು. ಮರುದಿನವೇ ಮಳೆ. ಇವತ್ತು ಮೂರು ಗಂಟೆಗೆ ಅದೇ ಕೆರೆಯ ನೀರು ಊರಿನ ನಲ್ಲಿಗಳಿಗೆ ಹೋಗಬೇಕು. ಸಾಹೇಬರು ಬೇಡವೆಂದು ಬರೆದರೆ ಮಾತ್ರ ನಿಂತೀತು.

“ಇದರಲ್ಲಿ ಕಿಣ್ವ ಹಾಕಿದೀನಿ ಸಾರ್. ಅದು ಚೆನ್ನಾಗಿದ್ರೆ ಹಳದಿ ಬರತ್ತೆ. ಕೀಟನಾಶಕ ಒಂಚೂರು ಸೋಕಿದ್ರೂ ಕೈಕಾಲು ಬಿಟ್ಟುಬಿಡತ್ತೆ, ಹಳದಿ ಬರಲ್ಲ. ಇಗೋ, ಶುದ್ಧ ನೀರಿನ ಟ್ಯೂಬು, ಎಷ್ಟು ಹಳದಿ. ಕೆರೇದು ನೋಡಿ.”

“ಹಳದಿಯಾದದ್ದು ಒಳ್ಳೇದು, ತಿಳಿಯಾಗಿರೋದು ಕೆಟ್ಟದ್ದು. ಚೆನ್ನಾಗಿದೆ ಕಣಮ್ಮಾ!”

ಬಾಗಿಲಿಗೆ ಒರಗಿದ್ದ ಪಂಪ್ ಆಪರೇಟರ್ ಕಿಸಕ್ಕನೆ ನಕ್ಕ. ಅವಳ ಮೈದುನನೇ. “ನಮ್ಮತ್ತಿಗೇನೂ ಹಾಗೇ ಸಾರ್. ಕೂಗಾಡ್ತಿದ್ರೆ ಮನೇಲಿ ಎಲ್ಲ ಸರಿಯಾಗಿದೆ ಅಂತ. ಸುಮ್ಮನಾದ್ರೋ, ನಮ್ಮಣ್ಣ ಮನೆ ಬಿಟ್ಟು ಓಡೋಕೆ ಚಪ್ಪಲಿ ಹುಡುಕ್ತಾನೆ.”

“ಅದೇ! ಅದೇ ಸಾರ್ ನಾನು ಹೇಳ್ತಿರೋದು!”

“ಮನೆ ವಿಷಯ ಬಿಡಿ. ಫಾರಂ ಏನು ಹೇಳತ್ತೆ? ಬಣ್ಣ ಬಂದರೆ ಕುಡಿಯಬಾರದು. ಬಾರದಿದ್ದರೆ ಕುಡಿಯಬಹುದು.”

“ಅದು ಹಳೇ ಪರೀಕ್ಷೆಯ ಫಾರಂ. ಹೊಸದು ಅಚ್ಚು ಹಾಕಿಸಿ ಅಂತ ಎರಡು ವರ್ಷದಿಂದ ಬರೀತಿದೀನಿ.”

“ಅಚ್ಚಾಗೋವರೆಗೂ ಇದೇ. ಅಥವಾ ನಿನ್ನ ಔಷಧಿ ಕೆಟ್ಟಿರಬೇಕು.”

“ಎರಡಕ್ಕೂ ಒಂದೇ ಬಾಟಲೀದು ಹಾಕಿದ್ದು ಸಾರ್!”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ನಾಲ್ಕನೇ ಕಾಲನ್ನು ಕೈಗೇ ಕೊಟ್ಟರೂ ಅದು ಬಾಲವಾಗುತ್ತದೆ. ಸಾಹೇಬರು ‘ಕುಡಿಯಬಹುದು’ ಎಂಬುದಕ್ಕೆ ಗುರುತು ಹಾಕಿ, ಸಹಿ ಮಾಡಿ, ಚೀಟಿಯನ್ನು ಮೈದುನನ ಕೈಗಿತ್ತು ಹೊರಟುಹೋದರು.

ಬಣ್ಣದಕ್ಕ ಸ್ಟೂಲಿನ ಮೇಲೆ ಕುಳಿತಳು. ಬೀದಿಯ ಮೊದಲನೇ ನಲ್ಲಿ ಅವಳ ಮನೆಯದೇ. ಅತ್ತೆ ಆಗಲೇ ಕೊಡ ಇಟ್ಟಿರುತ್ತಾರೆ.

“ಅತ್ತಿಗೇ, ಬಯ್ಯೋದಾದ್ರೆ ಬೇಗ ಬಯ್ಯಿ, ನಂಗೆ ಹೊತ್ತಾಯ್ತು.”

ಅವಳು ಬಯ್ಯಲಿಲ್ಲ.

“ಸಾಹೇಬ್ರನ್ನಾದ್ರೂ ಬಯ್ಯಿ. ಹೋಗಲಿ, ನನ್ನನ್ನ?”

ತಲೆಯನ್ನೂ ಎತ್ತಲಿಲ್ಲ. ಮೈದುನನ ಮುಖದಲ್ಲಿ ನಗು ಹಾಗೇ ಆರಿತು. ಹಳದಿ ಟ್ಯೂಬನ್ನು ನೋಡಿದ, ಪಕ್ಕದ್ದನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಚೀಟಿಯನ್ನು ಜೇಬಿಗಿಟ್ಟು ಮೆಲ್ಲಗೆ ನಡೆದ.

ಮೂರು ಹೊಡೆಯಿತು. ಶೆಡ್ಡಿನಲ್ಲಿ ಮೋಟಾರು ಗುರ್ರೆನ್ನಲಿಲ್ಲ.

“ಏನಯ್ಯಾ ಅದು?” ಸಾಹೇಬರ ಕೂಗು.

“ಫ್ಯೂಸು ಹೋಯ್ತು ಸಾರ್! ಈ ಸೈಜು ನಾಳೆವರೆಗೂ ಸಿಗಲ್ಲ!”

ಸ್ವಲ್ಪ ಹೊತ್ತಿಗೆ ಹಿಂಬದಿಯ ಕಿಟಕಿಯಿಂದ ಗ್ರೀಸು ಮೆತ್ತಿದ ಕೈಯೊಂದು ಒಳಗೆ ಬಂದು, ಟ್ಯೂಬುಗಳ ಪಕ್ಕದಲ್ಲಿ ಸರಿಯಾಗೇ ಇದ್ದ ಫ್ಯೂಸೊಂದನ್ನು ಇಟ್ಟು ಮಾಯವಾಯಿತು. ಬಣ್ಣದಕ್ಕ ಎದ್ದು, ಹಳೇ ಫಾರಂಗಳ ಕಟ್ಟನ್ನು ತಂದು ಅದರ ಮೇಲೆ ಇಟ್ಟಳು.