ಗಿಡ್ಡಮ್ಮ ಇಟ್ಟ ಹೆಸರು

"ಹಿಡ್ಕಳ್ರೋ, ಅದನ್ನ ಹಿಡ್ಕಳ್ರೋ!" ಎಂದು ಹನುಮಂತಯ್ಯ ಕೂಗುವಷ್ಟರಲ್ಲಿ ನಾಯಿ ಚಟ್ಟದ ಕೆಳಗಿಂದ ನುಸುಳಿ, ತಮಟೆಯವರ ಕಾಲುಗಳ ನಡುವೆ ಹಾದು, ಬೇಲೂರು ರಸ್ತೆಗೆ ಓಡಿಬಿಟ್ಟಿತ್ತು. ಬಸ್ಸೊಂದು ಕಿರ್ರನೆ ಬ್ರೇಕ್ ಹಾಕಿತು. ನಾಯಿ ಹೇಗೋ ಬಚಾವಾಯಿತು. ರಸ್ತೆಯಾಚೆ ಒಂದಷ್ಟು ದೂರದಲ್ಲಿದ್ದ ಹಾಲಿನ ಡೇರಿಯ ಕಟ್ಟೆಯನ್ನೆಲ್ಲ ಮೂಸಿ, ತಾನು ಹುಡುಕುತ್ತಿದ್ದವಳು ಅಲ್ಲೂ ಸಿಗದೆ ಮತ್ತೆ ರಸ್ತೆಗೆ ಇಳಿಯಿತು.

"ಅಪ್ಪಾ, ನೀನ್ ಒಳಕ್ಕೆ ಬಾ. ಅವ್ವನ್ನ ಎತ್ತೋ ಹೊತ್ತಾಯ್ತು," ಎಂದ ಮಗ ಶಿವಪ್ರಕಾಶ್. "ನಾಯಿ ಎಲ್ಲಿಗೋಯ್ತದೆ, ಬತ್ತದೆ ಬಿಡು."

"ಬಸ್ಸಿನ ಕೆಳಕ್ಕೋಯ್ತದೆ ಕಣೋ! ಅವಳು ಸಾಕಿದ್ದು. ಅದನ್ನೂ ಇವತ್ತೇ ಕಳಿಸ್ಬೇಕಾ?"

ಅಂಗಳದಲ್ಲಿ ಗಿಡ್ಡಮ್ಮ ಕೆನ್ನೆಗೆ ಅರಿಶಿನ, ಹಣೆಗೆ ಅಗಲವಾದ ಕುಂಕುಮ, ಮುಡಿ ತುಂಬ ಸೇವಂತಿಗೆ ಇಟ್ಟುಕೊಂಡು ಮಲಗಿದ್ದಳು. ಬದುಕಿದ್ದಾಗ ಇಷ್ಟು ಹೂವು ಮುಡಿದವಳಲ್ಲ. ಬಂದ ಹೆಂಗಸರೆಲ್ಲ "ಮುತ್ತೈದೆಯಾಗಿ ಹೋದ್ಲು, ಪುಣ್ಯವಂತೆ" ಎನ್ನುತ್ತಿದ್ದರು. ಬೆಳಗಿನಿಂದ ಅದನ್ನೇ ಕೇಳಿ ಕೇಳಿ ಹನುಮಂತಯ್ಯನಿಗೆ ರೇಗಿ ಹೋಗಿತ್ತು. ಪುಣ್ಯವೆಲ್ಲ ಅವಳು ಕಟ್ಟಿಕೊಂಡು ಹೋದರೆ ಇವನ ಪಾಲಿಗೆ ಏನು ಉಳಿಯಿತು? ಜಗಲಿಯಲ್ಲಿ ಕೂರುತ್ತಿದ್ದ, ಏಳುತ್ತಿದ್ದ, ಗೇಟಿನ ತನಕ ಹೋಗಿ ವಾಪಸು ಬರುತ್ತಿದ್ದ.

ಮೊಮ್ಮಗಳು ಗಾನವಿ ಗೇಟಿನಲ್ಲಿ ನಿಂತು ಟಾಮಿ, ಜಿಮ್ಮಿ, ಟೈಗರ್ ಎಂದು ಬಾಯಿಗೆ ಬಂದ ಹೆಸರನ್ನೆಲ್ಲ ಕೂಗಿದಳು. ನಾಯಿ ತಿರುಗಿಯೂ ನೋಡಲಿಲ್ಲ.

"ತಾತಾ, ಅಜ್ಜಿ ಅದಕ್ಕೆ ಏನಂತ ಹೆಸರಿಟ್ಟಿದ್ರು?"

ಹನುಮಂತಯ್ಯ ಮಗನ ಕಡೆ ನೋಡಿದ; ಮಗನೂ ಇವನ ಕಡೆಯೇ ನೋಡುತ್ತಿದ್ದ.

*

ಆ ನಾಯಿ ಡೇರಿಯಿಂದ ಗಿಡ್ಡಮ್ಮನ ಹಿಂದೆಯೇ ಬಂದ ಮರಿ. ಎಷ್ಟು ಹಾಲು ಹೊಯ್ದರೂ ಮೊಣಕಾಲಿನ ಎತ್ತರ ದಾಟಲಿಲ್ಲ. ಬುದ್ಧಿ ಮಾತ್ರ ಬೇಕಾದಷ್ಟಿತ್ತು. ಡೇರಿಯಲ್ಲಿ ಗಿಡ್ಡಮ್ಮ ಕ್ಯಾನನ್ನು ಸಾಲಿನಲ್ಲಿಟ್ಟು ಹರಟೆಗೆ ನಿಂತರೆ, ಇದು ಕ್ಯಾನಿನ ಪಕ್ಕ ಕೂತು, ನಡುವೆ ನುಗ್ಗುವವರಿಗೆ ಹಲ್ಲು ತೋರಿಸುತ್ತಿತ್ತು. ಅವಳು ಹೇಳುವ ತನಕ ರಸ್ತೆಗೆ ಕಾಲಿಡುತ್ತಿರಲಿಲ್ಲ.

ಮರಿ ಬಂದ ಸಂಜೆಯೇ ಹೆಸರಿನ ಪಂಚಾಯಿತಿ ನಡೆದಿತ್ತು. ಗಾನವಿ ರಾಜ ಎಂದಳು. ಬೀಗರು ರಾಜಶೇಖರ್ ಊಟಕ್ಕೆ ಬಂದಾಗ ಹಾಗೆ ಕೂಗಲಾದೀತೇ? ರಘು ಎಂದರೆ ಪಕ್ಕದ ಮನೆಯವನು ಓಗೊಡುತ್ತಾನೆ. ಶಿವಪ್ರಕಾಶ್ ಮರಿಯ ಎತ್ತರ ನೋಡಿ "ಗಿಡ್ಡ ಅನ್ನೋಣ" ಎಂದವನು ತಾಯಿಯ ಮುಖ ಕಂಡು ನಾಲಿಗೆ ಕಚ್ಚಿಕೊಂಡ. ಎಲ್ಲರಿಗಿಂತ ಹೆಚ್ಚು ನಕ್ಕವಳು ಗಿಡ್ಡಮ್ಮನೇ.

"ನಾಯಿಗೆ ಹೆಸರೊಂದು ಕೇಡು. ನಾಯಿ ಅಂದ್ರೆ ಸಾಲ್ದಾ?" ಎಂದು ಹನುಮಂತಯ್ಯ ಟವೆಲ್ ಕೊಡವಿ ಎದ್ದಿದ್ದ.

"ನೀವು ತಲೆ ಕೆಡಿಸ್ಕಬ್ಯಾಡಿ. ನಾನೇ ಒಂದು ನೋಡ್ಕತೀನಿ," ಎಂದು ಗಿಡ್ಡಮ್ಮ ಹಸುವಿಗೆ ಹುಲ್ಲು ಹಾಕಲು ಹೋದಳು. ಮನೆಯಲ್ಲಿ ಅವಳು ಚಿಟಿಕೆ ಹೊಡೆದರೆ ನಾಯಿ ಬರುತ್ತಿತ್ತು. ನೋಡಿಕೊಂಡ ಹೆಸರು ಯಾವುದೆಂದು ಆಮೇಲೆ ಯಾರೂ ಕೇಳಲಿಲ್ಲ.

*

ಹೆಗಲು ಕೊಡುವವರು ಬಂದು ನಿಂತರು. ರಸ್ತೆಯಲ್ಲಿ ಮತ್ತೆ ಹಾರನ್ ಕೇಳಿತು.

"ತಡೀರಿ!" ಹನುಮಂತಯ್ಯ ಚಟ್ಟಕ್ಕೆ ಅಡ್ಡ ನಿಂತ. "ಇವಳು ಆ ನಾಯೀನ ಏನಂತ ಕರೀತಿದ್ಲು? ಯಾರಿಗಾದ್ರೂ ಗೊತ್ತೈತಾ?"

ಗಿಡ್ಡಮ್ಮನ ಜೊತೆ ದಿನವೂ ಡೇರಿಗೆ ಹೋಗುತ್ತಿದ್ದ ಪಕ್ಕದ ಮನೆಯ ಸುವರ್ಣಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಗೊತ್ತೈತೆ ಕಣಣ್ಣ. ಹೇಳಕ್ಕೆ ಬಾಯಿ ಬರಲ್ಲ."

"ಹೇಳವ್ವ!"

"ನಿಮ್ ಹೆಸರೇ ಕಣಣ್ಣ. ಹನುಮ ಅಂತಿದ್ಲು."

ತಮಟೆ ನಿಂತಿತು. ಯಾರೋ ನಗು ತಡೆಯಲು ಕೆಮ್ಮಿದರು.

ಶಿವಪ್ರಕಾಶನ ಮುಖ ಕೆಂಪಾಯಿತು. "ಸುವರ್ಣತ್ತೆ, ಅವ್ವ ಇಲ್ಲೇ ಮಲಗವ್ಳೆ. ಏನು ಮಾತು ಅಂತ ಆಡ್ತೀರ?"

"ಅವಳ ಮುಂದೇನೇ ಹೇಳ್ತಿವ್ನಿ ಕಣಪ್ಪ. ಮನೇಲಿ ಬಾಯಿ ಬಿಡೋಳಾ? ದಾರಿ ಉದ್ದಕ್ಕೂ ಅದ್ರ ಕೂಡೇನೇ ಮಾತು. 'ಹನುಮಾ, ಚಳೀಲಿ ಸ್ವೆಟರ್ ಹಾಕ್ಕ ಅಂದ್ರೆ ಕೇಳ್ತೀಯಾ ನೀನು? ಹನುಮಾ, ಇಲ್ಲೇ ಹಳೇಬೀಡು, ಒಂದಿನನಾದ್ರೂ ಕರ್ಕಂಡೋದ್ಯಾ? ನಿಂಗೆ ಏನಾದ್ರೂ ಆದ್ರೆ ನಾನಿರಲ್ಲ ಕಣೋ.' ನಾಯಿ ಬಾಲ ಆಡುಸ್ತಿತ್ತು. ನಾನು ನಗ್ತಿದ್ದೆ."

ಮದುವೆಯ ದಿನ ಹೊಸಿಲಿನಲ್ಲಿ ತಡೆದು, ನಾದಿನಿಯರು ಬಲವಂತವಾಗಿ ಗಂಡನ ಹೆಸರು ಹೇಳಿಸಿದ್ದೇ ಕೊನೆ. ಆಮೇಲೆ ಗಿಡ್ಡಮ್ಮ ಅದನ್ನು ಬಾಯಲ್ಲಿ ಆಡಿದವಳಲ್ಲ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೂ ಸುವರ್ಣಮ್ಮನ ಪಕ್ಕೆ ತಿವಿದು ಅವಳಿಂದ ಹೇಳಿಸುತ್ತಿದ್ದಳು. ಹನುಮಂತಯ್ಯನಿಗೆ ಮೊದಲು ಅವಮಾನವಾಯಿತು. ಆಮೇಲೆ ನಾಯಿಯ ಮೇಲೆ ಹೊಟ್ಟೆಕಿಚ್ಚಾಯಿತು. ಒಂದೇ ಒಂದು ದಿನ ಹಾಲಿನ ಕ್ಯಾನು ಹಿಡಿದು ಅವಳ ಜೊತೆ ನಡೆದಿದ್ದರೆ ತಾನೂ ಕೇಳಬಹುದಿತ್ತು. ದುಃಖ ಉಕ್ಕಿ ಬಂತು.

"ಹೆಂಗೆ ಕರೀತಿದ್ಲು? ಗದರಿಸ್ದಂಗಾ?"

"ಬೈಯ್ಯೋದು ಬೈಯ್ಯೋಳು. ಕರೆಯೋದು ಮಾತ್ರ ಮೆತ್ತಗೆ, ಕೊನೇಲಿ ವಸಿ ಎಳೆದು."

ಹನುಮಂತಯ್ಯ ರಸ್ತೆಯ ಅಂಚಿಗೆ ಹೋದ. ನಾಯಿ ಆಚೆ ಬದಿಯಲ್ಲಿ ಅತ್ತಿಂದಿತ್ತ ಓಡುತ್ತಿತ್ತು. ಹಾಸನದ ಕಡೆಯಿಂದ ಬಸ್ಸು ಬರುತ್ತಿತ್ತು. ತನ್ನ ಹೆಸರನ್ನು ತಾನೇ ಕೂಗುವುದು ಯಾರಿಗೆ ಅಭ್ಯಾಸವಿರುತ್ತದೆ? ಒಮ್ಮೆ ಹಿಂತಿರುಗಿ ಜನರನ್ನು ನೋಡಿದ.

"ನಿಲ್ಲು ಅನ್ನಿ ಅಣ್ಣ, ಬಸ್ಸು!" ಎಂದಳು ಹಿಂದಿನಿಂದ ಸುವರ್ಣಮ್ಮ.

"ನಿಲ್ಲು ಹನುಮಾ..."

ರಸ್ತೆಗೆ ಇಟ್ಟಿದ್ದ ಮುಂಗಾಲನ್ನು ನಾಯಿ ಹಿಂದಕ್ಕೆಳೆದುಕೊಂಡಿತು. ಕಿವಿ ನೆಟ್ಟಗಾದವು. ಬಸ್ಸು ಧೂಳೆಬ್ಬಿಸಿ ನಡುವೆ ಹಾದುಹೋಯಿತು. ಧೂಳು ಇಳಿದಾಗ ಅದು ಅಲ್ಲೇ ಕೂತು ಕಾಯುತ್ತಿತ್ತು.

"ಬಾರೋ ಹನುಮಾ... ಬಾ, ಮನೆಗೆ ಬಾ."

ಸಾವಿನ ಮನೆಯ ಜನರೆಲ್ಲ ಗೇಟಿಗೆ ಬಂದು ನೋಡುತ್ತಿದ್ದರು. ನಾಯಿ ರಸ್ತೆ ದಾಟಿ ಓಡಿ ಬಂದು ಹನುಮಂತಯ್ಯನ ಕಾಲ ಬಳಿ ನಿಂತಿತು. ಬಾಲ ಆಡಿಸುತ್ತ ಅವನ ಮುಖ ನೋಡಿತು. ಆಮೇಲೆ, ಕರೆದವಳು ಎಲ್ಲಿ ಎಂದು ಅವನ ಪಂಚೆಯ ಹಿಂದೆ ಇಣುಕಿತು.